ಹಾಯುವ ಹೋರಿ ಪಕ್ಕದ ವಸ್ತಿಯದಾದರೆ...

ಜತ್ತ: ಹೊಲದ ವಸ್ತಿಯಿಂದ ಊರ ಶಾಲೆಗೆ ಹೊರಟ ಮಕ್ಕಳು ನೇರ ಗಾಡಿದಾರಿ ಬಿಟ್ಟು ಬದುವಿನ ಮೇಲೆ ಸುತ್ತು ಹಾಕಿ ನಡೆಯುತ್ತಾರೆ. ಯಾಕೆಂದು ಕೇಳಿದರೆ ಒಬ್ಬರಿಗಿಂತ ಒಬ್ಬರು ಮುಂದಾಗಿ ಹೇಳುತ್ತಾರೆ: "ಅಲ್ಲಿ ಕಾಕಾರ ಹೋರಿ ನಿಂತೈತ್ರೀ, ಹಾಯತೈತಿ." ಸಂಖ, ಉಮದಿ, ಮಾಡಗ್ಯಾಳ ಕಡೆಯ ಹಳ್ಳಿಗಳಲ್ಲಿ ಇಂಥ ಮಾತು ಯಾರಿಗೂ ಹೊಸದಲ್ಲ. ಹೋರಿ ಹಾಯುತ್ತದೆ ಎಂಬುದು ಮಕ್ಕಳಿಗೆ ಗೊತ್ತು, ಅವರ ಅವ್ವಂದಿರಿಗೆ ಗೊತ್ತು, ಹಾಲು ಹಾಕುವವನಿಗೆ ಗೊತ್ತು. ಅದನ್ನು ಹೋರಿಯ ಮಾಲೀಕನ ಮುಂದೆ ನಿಂತು ಹೇಳಿದವರು ಮಾತ್ರ ಸಿಗುವುದಿಲ್ಲ.

ಹೇಳದಿರುವುದಕ್ಕೆ ಕಾರಣಗಳಿವೆ. ಪಕ್ಕದ ವಸ್ತಿಯವರೆಂದರೆ ಹೆಚ್ಚಾಗಿ ಭಾವಕಿಯವರೇ. ಬಾವಿಯಲ್ಲಿ ಇಬ್ಬರಿಗೂ ಪಾಳಿ ಇರುತ್ತದೆ, ಪೈಪಲೈನ್ ಒಬ್ಬರ ಹೊಲದಿಂದ ಇನ್ನೊಬ್ಬರ ಹೊಲಕ್ಕೆ ಹಾಯ್ದಿರುತ್ತದೆ, ಬದುವಿನ ಹಳೆಯ ತಕರಾರು ಈಗಷ್ಟೇ ತಣ್ಣಗಾಗಿರುತ್ತದೆ. ದನದ ಮಾತೆತ್ತಿದರೆ ಅದೆಲ್ಲ ಮತ್ತೆ ಎದ್ದು ಕೂಡುತ್ತದೆ ಎಂಬ ಅಂಜಿಕೆ. ಅದಕ್ಕಾಗಿ ಜನ ದಾರಿ ಬದಲಿಸುತ್ತಾರೆ, ಬಡಿಗೆ ಹಿಡಿದು ಓಡಾಡುತ್ತಾರೆ, ಮುದುಕರನ್ನು ಹೊರಗೆ ಬಿಡುವುದಿಲ್ಲ. ಹೀಗೆ ವರ್ಷ ಕಳೆದು ಒಂದು ದಿನ ಯಾರಿಗೋ ಕೊಂಬು ತಗಲುತ್ತದೆ. ಆಗ ಮಾಲೀಕ ಹೇಳುವ ಮೊದಲ ಮಾತು: "ಇಷ್ಟ ದಿನಾ ಯಾರೂ ನಮಗ ಹೇಳಿಲ್ಲಲ್ರೀ."

ಆ ಮಾತು ಪೂರ್ತಿ ಸುಳ್ಳಾಗಿರುವುದಿಲ್ಲ ಎಂಬುದೇ ಈ ಸಮಸ್ಯೆಯ ತಿರುಳು. ಸಾಕಿದವನ ಮುಂದೆ ದನ ಬೇರೆ, ಪರರ ಮುಂದೆ ಬೇರೆ. ಅವನು ಹೋದರೆ ಅದು ಕೈ ನೆಕ್ಕುತ್ತದೆ. ಅವನ ಕಣ್ಣಿಗೆ ಅದು ಇನ್ನೂ ಕರುವೇ.

ಜತ್ತ ತಾಲೂಕಿನಲ್ಲಿ ದನ ಬಿಚ್ಚಿ ಬಿಡುವುದು ತಪ್ಪು ಎಂದು ಯಾರೂ ಎಂದೂ ತಿಳಿದಿರಲಿಲ್ಲ. ಇದು ಬರದ ನಾಡು. ಹಿಂಗಾರಿ ಜೋಳ ಕಿತ್ತು ರಾಶಿ ಮುಗಿದ ಮೇಲೆ ಹೊಲವೆಲ್ಲ ಬಯಲು. ಯಾರ ದನ ಯಾರ ಹೊಲದಲ್ಲಿ ಮೇಯ್ದರೂ ಕೇಳುವವರಿರಲಿಲ್ಲ. ಗಾಯರಾನದಲ್ಲಿ ಊರ ದನ ಒಟ್ಟಿಗೆ ಮೇಯಿಸಲು ದನಗಾಹಿ ಹುಡುಗರಿದ್ದರು. ಆ ಹುಡುಗರು ಈಗ ಶಾಲೆಯಲ್ಲಿದ್ದಾರೆ, ಅದು ಒಳ್ಳೆಯದೇ ಆಯಿತು. ಮ್ಹೈಸಾಳ ಏತ ನೀರಾವರಿಯ ನೀರು ಬಂದ ಕಡೆ, ಕೊಳವೆ ಬಾವಿಗೆ ನೀರು ಹತ್ತಿದ ಕಡೆ ದಾಳಿಂಬೆ, ದ್ರಾಕ್ಷಿ ತೋಟಗಳು ಎದ್ದಿವೆ. ಒಂದು ಹೋರಿ ರಾತ್ರಿ ಡ್ರಿಪ್ ಪೈಪಿನ ಮೇಲೆ ಓಡಾಡಿದರೆ ಬೆಳಗಾಗುವುದರೊಳಗೆ ಸಾವಿರಾರು ರೂಪಾಯಿ ಹಾಳು. ಬಿಚ್ಚಿ ಬಿಡುವ ರೂಢಿ ಉಳಿದಿದೆ, ಬಿಡುವ ಬಯಲು ಉಳಿದಿಲ್ಲ. ಜಗಳ ಹುಟ್ಟುವುದು ಇಲ್ಲಿ.

ಎರಡನೆಯದು ಎತ್ತಿನ ಸ್ಥಿತಿ. ಸಾಂಗ್ಲಿ, ಸೋಲಾಪುರ, ವಿಜಯಪುರ ಸೀಮೆಯ ಖಿಲ್ಲಾರಿ ತಳಿ ಓಟಕ್ಕೆ ಹೆಸರಾದದ್ದು. ಉದ್ದ ಕೊಂಬು, ಚೂಪು ತುದಿ, ಚುರುಕು ಸ್ವಭಾವ. ಪರಿಚಯವಿಲ್ಲದವರನ್ನು ಹತ್ತಿರ ಬಿಟ್ಟುಕೊಳ್ಳದ ಜಾತಿ. ನೊಗಕ್ಕೆ ಹೂಡಿ ದಿನವಿಡೀ ದುಡಿಸುವಾಗ ಆ ಚುರುಕು ಹೊಲದಲ್ಲಿ ಖರ್ಚಾಗುತ್ತಿತ್ತು. ಟ್ರ್ಯಾಕ್ಟರ್ ಬಂದ ಮೇಲೆ ನೊಗ ಅಟ್ಟ ಹತ್ತಿದೆ. ದುಡಿಮೆ ಇಲ್ಲದ, ಬೀಜ ಒಡೆಯದ, ಮೂಗುದಾರ ಹಾಕದ ಹೋರಿ ಹೊಟ್ಟೆ ತುಂಬ ತಿಂದು ನಿಂತಿರುತ್ತದೆ.

ಮಾರಿಬಿಡಬಹುದಲ್ಲ ಎಂದರೆ, ಅಲ್ಲಿ ಕಾಯ್ದೆ ಇದೆ. ಮಹಾರಾಷ್ಟ್ರದಲ್ಲಿ 1976ರ ಕಾಯ್ದೆ ಆಕಳ ವಧೆಯನ್ನು ನಿಷೇಧಿಸಿತ್ತು. 2015ರ ಮಾರ್ಚಿನಿಂದ ಹೋರಿ, ಎತ್ತುಗಳೂ ಅದರಲ್ಲಿ ಸೇರಿದವು. ಕರ್ನಾಟಕದಲ್ಲಿ 2020ರ ಕಾಯ್ದೆ 2021ರ ಜನವರಿಯಿಂದ ಜಾರಿಗೆ ಬಂತು. ಕಾಯ್ದೆ ಸರಿಯೋ ತಪ್ಪೋ ಎಂಬ ವಾದ ಬೇರೆ, ಅದು ಇಲ್ಲಿ ಬೇಡ. ಆದರೆ ಹಾಯುವ ಹೋರಿಗೆ ಸಂತೆಯಲ್ಲಿ ಗಿರಾಕಿ ಇಲ್ಲ ಎಂಬುದು ಗಡಿಯ ಎರಡೂ ಕಡೆ ಸತ್ಯ. 2024ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ದೇಶಿ ಆಕಳಿಗೆ ರಾಜ್ಯಮಾತೆಯ ಪಟ್ಟ ಕೊಟ್ಟು, ಗೋಶಾಲೆಗಳಿಗೆ ದಿನಕ್ಕೆ ತಲೆಗೆ 50 ರೂಪಾಯಿ ನೆರವು ಘೋಷಿಸಿತು. ಪಕ್ಕದ ವಸ್ತಿಯ ಒಂಟಿ ಹೋರಿಗೆ ಅದರಿಂದ ಏನೂ ಆಗಲಿಲ್ಲ. ಕೆಲವರು ರಾತ್ರಿ ಅದನ್ನು ಟೆಂಪೋದಲ್ಲಿ ಹೇರಿ ದೂರದ ಊರಿನಲ್ಲಿ ಇಳಿಸಿ ಬರುತ್ತಾರೆ. ಅಲ್ಲಿಗೆ ಒಬ್ಬನ ತಲೆನೋವು ಇಡೀ ಊರಿನದಾಯಿತು. 2019ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 50 ಲಕ್ಷದಷ್ಟು ಬೀಡಾಡಿ ದನಗಳು ಲೆಕ್ಕಕ್ಕೆ ಸಿಕ್ಕಿದ್ದವು.

ಇನ್ನು ಶರ್ಯತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದ ಗಾಡಿ ಶರ್ಯತ್ತಿಗೆ 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಅವಕಾಶ ಸಿಕ್ಕಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠವೂ ಅದನ್ನು ಎತ್ತಿ ಹಿಡಿಯಿತು. ಖಿಲ್ಲಾರಿಯ ಬೆಲೆ ಏರಿತು, ತಳಿ ಉಳಿಯಲು ಅದೂ ಒಂದು ದಾರಿಯಾಯಿತು. ಶರ್ಯತ್ತಿನ ಹೋರಿಯನ್ನು ಯಾರೂ ಬೀದಿಗೆ ಬಿಡುವುದಿಲ್ಲ, ಅದಕ್ಕೆ ಮನೆ ಮಕ್ಕಳಿಗಿಂತ ಹೆಚ್ಚಿನ ಉಪಚಾರ. ಆದರೆ ಓಟಕ್ಕೆ ಆರಿಸಿದ್ದು ಒಂದಾದರೆ ಆಯ್ಕೆಯಾಗದೆ ಉಳಿದವು ಹಲವು. ಅವು ಎಲ್ಲಿ ಹೋಗುತ್ತವೆ ಎಂದು ಕೇಳುವವರು ಕಡಿಮೆ.

<b>ಮೂಕ ಪ್ರಾಣಿ ಮೊದಲೇ ಹೇಳುತ್ತದೆ</b>

ಹೋರಿ ಒಮ್ಮೆಲೇ ಮೈಮೇಲೆ ಬೀಳುತ್ತದೆ ಎಂಬುದು ಅಷ್ಟು ನಿಜವಲ್ಲ. ಬಹಳ ಸಲ ಅದು ಮೊದಲು ಹೇಳಿಯೇ ಹೇಳುತ್ತದೆ. ಮೇಯುವುದನ್ನು ಬಿಟ್ಟು ತಲೆಯೆತ್ತಿ ದಿಟ್ಟಿಸುತ್ತದೆ. ಆಮೇಲೆ ಮೈ ಅಡ್ಡ ತಿರುಗಿಸಿ, ಬೆನ್ನು ಉಬ್ಬಿಸಿ, ಕತ್ತು ಬಾಗಿಸಿ ತನ್ನ ಗಾತ್ರ ತೋರಿಸುತ್ತದೆ. ಮುಂಗಾಲಿನಿಂದ ಮಣ್ಣು ಕೆದರಿ ಬೆನ್ನ ಮೇಲೆ ತೂರಿಕೊಳ್ಳುತ್ತದೆ, ಕೊಂಬಿನಿಂದ ಬದು ತಿವಿಯುತ್ತದೆ, ಗುಟುರು ಹಾಕುತ್ತದೆ. ಅಡ್ಡ ನಿಂತು ಮೈ ತೋರಿಸುವ ಈ ಗಳಿಗೆಯೇ ಹಿಂದೆ ಸರಿಯುವ ಗಳಿಗೆ. ತಲೆ ತಗ್ಗಿಸಿ ನೇರ ಮುಖ ಮಾಡಿತೆಂದರೆ ಹೊತ್ತು ಮೀರಿತು.

ಹೋರಿಗಿಂತ ಹೆಚ್ಚು ಮೋಸ ಹೋಗುವುದು ಈಯ್ದ ಆಕಳ ಮುಂದೆ. ವರ್ಷವೆಲ್ಲ ಸಾಧುವಾದ ಆಕಳು ಕರು ಹಾಕಿದ ಮೊದಲ ಕೆಲವು ದಿನ ಬೇರೆಯೇ ಆಗಿರುತ್ತದೆ. ಆಕಳು, ಕರು ಎರಡರ ನಡುವೆ ಹಾಯ್ದು ಹೋಗಬಾರದು. ಜೊತೆಯಲ್ಲಿ ನಾಯಿ ಇದ್ದರಂತೂ ಹತ್ತಿರವೂ ಹೋಗಬಾರದು. ಬ್ರಿಟನ್ನಿನಲ್ಲಿ ದನಗಳಿಂದ ವರ್ಷಕ್ಕೆ ಸರಾಸರಿ ನಾಲ್ಕೈದು ಜನ ಸಾಯುತ್ತಾರೆ. ಅವರಲ್ಲಿ ಹೆಚ್ಚಿನವರು ರೈತರು, ಕೂಲಿಗಳು. ದಾರಿಹೋಕರು ಸತ್ತ ಪ್ರಕರಣಗಳಲ್ಲಿ ಪದೇ ಪದೇ ಕಾಣುವುದು ಕರು ಇರುವ ಆಕಳು ಮತ್ತು ಜೊತೆಗಿದ್ದ ನಾಯಿ. ಅಲ್ಲಿ ಅಧಿಕಾರಿಗಳು ಕೊಡುವ ಸಲಹೆ ಇಲ್ಲಿಯೂ ನಡೆಯುತ್ತದೆ: ದನ ಬೆನ್ನು ಹತ್ತಿದರೆ ನಾಯಿಯ ಹಗ್ಗ ಬಿಟ್ಟುಬಿಡಿ. ದನದ ಸಿಟ್ಟು ನಾಯಿಯ ಮೇಲೆ, ನಾಯಿ ನಿಮಗಿಂತ ಜೋರಾಗಿ ಓಡುತ್ತದೆ.

ಅದೇ ದೇಶದಲ್ಲಿ ಹತ್ತು ತಿಂಗಳು ಮೀರಿದ ಹೈನು ತಳಿಯ ಹೋರಿಯನ್ನು ಸಾರ್ವಜನಿಕ ಕಾಲುದಾರಿ ಇರುವ ಹೊಲದಲ್ಲಿ ಬಿಡುವುದನ್ನೇ 1981ರ ಕಾಯ್ದೆ ನಿಷೇಧಿಸಿದೆ. ಜತ್ತದ ರೈತರು ಇದನ್ನು ಗಮನಿಸಬೇಕು. ಎಚ್‌ಎಫ್, ಜರ್ಸಿ ಹೋರಿ ಖಿಲ್ಲಾರಿಯಂತೆ ಬುಸುಗುಡುವುದಿಲ್ಲ, ಕೊಂಬೂ ಸಣ್ಣದು, ನೋಡಲು ಮಂಕು. ಆದರೆ ಮನುಷ್ಯರನ್ನು ಕೊಲ್ಲುವ ವಿಷಯದಲ್ಲಿ ಹೈನು ತಳಿಯ ಹೋರಿಗಳ ಹೆಸರು ಜಗತ್ತಿನಾದ್ಯಂತ ಕೆಟ್ಟದ್ದೇ. ತಾಯಿಯಿಂದ ಅಗಲಿಸಿ ಒಂಟಿಯಾಗಿ ಮನುಷ್ಯರ ಕೈಯಲ್ಲೇ ಬೆಳೆದ ಹೋರಿಗರು ದೊಡ್ಡದಾದ ಮೇಲೆ ಮನುಷ್ಯನನ್ನೇ ತನ್ನ ಎದುರಾಳಿ ಎಂದು ತಿಳಿಯುತ್ತದೆ ಎಂದು ಅಮೆರಿಕದ ಪಶುವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಬರೆದಿದ್ದಾರೆ. ನಮ್ಮ ಅಂಗಳದಲ್ಲಿ ಮಕ್ಕಳು ಕರುವಿನ ಹಣೆಗೆ ಕೈಯಿಟ್ಟು ನೂಕಾಡುವ ಆಟ ಎಲ್ಲರೂ ನೋಡಿ ನಕ್ಕಿದ್ದೇ. ಎರಡು ವರ್ಷದ ಮೇಲೆ ಅದೇ ಆಟವನ್ನು ಹೋರಿ ಆಡಲು ಬರುತ್ತದೆ. ಹೋರಿಗರದ ಹಣೆ ತಿಕ್ಕುವುದು, ತಲೆಗೆ ತಲೆ ಕೊಡುವುದು ಇವತ್ತೇ ನಿಲ್ಲಬೇಕು.

ಕೆಂಪು ಸೀರೆ ಕಂಡರೆ ಹಾಯುತ್ತದೆ ಎಂಬ ಮಾತಿದೆ. ದನಗಳ ಕಣ್ಣಿಗೆ ಕೆಂಪು ಬಣ್ಣ ಮನುಷ್ಯರಿಗೆ ಕಂಡಂತೆ ಕಾಣುವುದಿಲ್ಲ. ಅವನ್ನು ಕೆಣಕುವುದು ಬಣ್ಣವಲ್ಲ, ಫಡಫಡ ಹಾರುವ ಸೆರಗು, ಥಟ್ಟನೆ ತೆರೆದ ಛತ್ರಿ, ಮೋಟಾರ್ ಸೈಕಲ್ಲಿನ ಹಾರ್ನು. ಅವುಗಳ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನದೆಲ್ಲ ಕಾಣುತ್ತದೆ, ನೇರ ಬೆನ್ನ ಹಿಂದಿನದು ಕಾಣುವುದಿಲ್ಲ. ಹಿಂದಿನಿಂದ ಸದ್ದಿಲ್ಲದೆ ಹೋದರೆ ಒದೆ ಬಿತ್ತೆಂದೇ ತಿಳಿಯಿರಿ. ದೂರದಿಂದಲೇ ಮಾತಾಡುತ್ತ, ಬದಿಯಿಂದ ಹೋಗುವುದು ಹಿರಿಯರ ರೂಢಿ. ಅದಕ್ಕೆ ಅರ್ಥವಿದೆ.

ಎದುರಾದಾಗ ಓಡಬಾರದು. ಖಿಲ್ಲಾರಿಯ ಮುಂದೆ ಓಡಿ ಗೆದ್ದವರಿಲ್ಲ. ಬೆನ್ನು ತಿರುಗಿಸದೆ, ಅದರ ಮೇಲೆ ಕಣ್ಣಿಟ್ಟು, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ಮರ, ಗಾಡಿ, ಬಾಂದು, ಗೋಡೆ, ಯಾವುದಾದರೂ ನಡುವೆ ಬರುವಂತೆ ನೋಡಿಕೊಳ್ಳಬೇಕು. ಬಂದೇ ಬಿಟ್ಟರೆ ಟವೆಲ್ಲು, ಚೀಲ, ರುಮಾಲು ಏನಿದೆಯೋ ಅದನ್ನು ಒಂದು ಬದಿಗೆ ಎಸೆದು ಇನ್ನೊಂದು ಬದಿಗೆ ಸರಿಯಬೇಕು. ಒಂದು ಗಳಿಗೆ ಅದು ಬಟ್ಟೆಯ ಕಡೆ ತಿರುಗಬಹುದು, ಆ ಒಂದು ಗಳಿಗೆ ಸಾಕಾಗುತ್ತದೆ. ಬಡಿಗೆ ಕೈಯಲ್ಲಿದ್ದರೆ ಒಳ್ಳೆಯದು, ಆದರೆ ಹೊಡೆಯಲು ಮುನ್ನುಗ್ಗಬಾರದು. ಕಲ್ಲೆಸೆಯುವ ಹುಡುಗರನ್ನು ಮೊದಲು ತಡೆಯಬೇಕು: ಅವರು ಕಲ್ಲೆಸೆದು ಓಡುತ್ತಾರೆ, ಹಿಂದಿನಿಂದ ಬರುವ ಮುದುಕಿ ಸಿಗುತ್ತಾಳೆ. ನೆಲಕ್ಕೆ ಬಿದ್ದವರು ತಲೆ, ಕತ್ತು ಕೈಯಿಂದ ಮುಚ್ಚಿಕೊಂಡು ತಂತಿಬೇಲಿಯ ಕೆಳಗೋ ಗಾಡಿಯ ಕೆಳಗೋ ಉರುಳಬೇಕು.

ಕೊಂಬಿನ ಗಾಯ ಹೊರಗೆ ಸಣ್ಣದು ಕಂಡರೂ ಒಳಗೆ ಆಳವಿರುತ್ತದೆ. ಅರಿಸಿನ ಮೆತ್ತಿ ಮನೆಯಲ್ಲಿ ಮಲಗಿಸುವುದು ಜೀವಕ್ಕೆ ಕುತ್ತು. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಹೊಟ್ಟೆ ಸೀಳಿ ಕರುಳು ಹೊರಗೆ ಬಂದಿದ್ದರೆ ಒಳಗೆ ತಳ್ಳಬಾರದು, ಒದ್ದೆ ಮಾಡಿದ ಶುದ್ಧ ಬಟ್ಟೆ ಮುಚ್ಚಿ, ಕುಡಿಯಲು ತಿನ್ನಲು ಏನೂ ಕೊಡದೆ ಆಸ್ಪತ್ರೆಗೆ ಒಯ್ಯಬೇಕು. ಧನುರ್ವಾಯು ಇಂಜೆಕ್ಷನ್ ಬೇಕೇ ಬೇಕು. 108 ಆಂಬುಲೆನ್ಸ್ ಗಡಿಯ ಎರಡೂ ಕಡೆ ಇದೆ.

ಸಾಧು ದನ ಕಾರಣವಿಲ್ಲದೆ ಒಮ್ಮೆಲೇ ಮೈಮೇಲೆ ಬರತೊಡಗಿದರೆ, ಜೊಲ್ಲು ಸುರಿಸಿದರೆ, ದನಿ ಒಡೆದು ಒಂದೇ ಸಮನೆ ಕೂಗಿದರೆ ಅದು ಸಿಟ್ಟಲ್ಲ, ಹುಚ್ಚುನಾಯಿ ಕಡಿದ ಲಕ್ಷಣ ಇರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬಾರದು. ಜೊಲ್ಲು ಗಾಯಕ್ಕೆ ತಗಲಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಬೇಕು. ಪಶುವೈದ್ಯರನ್ನು 1962ಕ್ಕೆ ಕರೆ ಮಾಡಿ ಕರೆಸಬಹುದು.

<b>ಮಾತಿನಿಂದ ಕಾಗದಕ್ಕೆ</b>

ಇಷ್ಟೆಲ್ಲ ಎಚ್ಚರಿಕೆ ದಾರಿಯಲ್ಲಿ ನಡೆಯುವವನದು. ಆದರೆ ಹೊಣೆ ಕಟ್ಟುವವನದು. ಅದನ್ನು ಅವನಿಗೆ ಹೇಳುವುದು ಹೇಗೆ?

ಊರ ಕಟ್ಟೆಯ ಮೇಲೆ, ನಾಲ್ಕು ಜನರ ಮುಂದೆ ಹೇಳಿದರೆ ಅವಮಾನವಾಗುತ್ತದೆ. ಸಂಜೆ ಅವನ ವಸ್ತಿಗೇ ಹೋಗಿ, ಚಹಾ ಕುಡಿದು, ಭಾವಕಿಯ ಒಬ್ಬ ಹಿರಿಯರನ್ನು ಜೊತೆಗೆ ಕರೆದೊಯ್ದು ಹೇಳಬೇಕು: "ಅಣ್ಣಾರ, ನಿಮ್ಮ ಹೋರಿ ಮೊನ್ನಿ ಸೋಮವಾರ ಹುಡುಗರ ಬೆನ್ನ ಹತ್ತಿತ್ತು. ನಿಮಗ ಗೊತ್ತಿರಲಿ ಅಂತ ಹೇಳಾಕ ಬಂದೇವಿ." ದಿನ, ಜಾಗ, ಯಾರ ಬೆನ್ನು ಹತ್ತಿತು, ಇಷ್ಟು ಸಾಕು. ಇದು ತಕರಾರಲ್ಲ, ತಿಳಿವಳಿಕೆ. ಆದರೆ ಆ ಸಂಜೆಯ ನಂತರ "ನಮಗೆ ಗೊತ್ತಿರಲಿಲ್ಲ" ಎಂಬ ಮಾತಿಗೆ ಜಾಗ ಉಳಿಯುವುದಿಲ್ಲ.

ಮಾಡಬೇಕಾದದ್ದು ದೊಡ್ಡ ಖರ್ಚಿನದೂ ಅಲ್ಲ. ಮೂಗುದಾರ, ಗಟ್ಟಿ ಹಗ್ಗ, ಆಳಕ್ಕೆ ಬಡಿದ ಗೂಟ. ಮೇಯಲು ಬಿಡಲೇಬೇಕಿದ್ದರೆ ಮರಾಠಿಯಲ್ಲಿ ಲೋಢಣೆ ಎನ್ನುವ ಕಟ್ಟಿಗೆ ತುಂಡನ್ನು ಕೊರಳಿಗೆ ಇಳಿಬಿಡುವುದು ಹಳೆಯ ಉಪಾಯ. ಓಡಲು ಹೋದರೆ ಅದು ಮುಂಗಾಲಿಗೆ ಬಡಿಯುತ್ತದೆ. ಕೊಂಬಿನ ಚೂಪು ತುದಿಗೆ ಹಿತ್ತಾಳೆಯ ಕೋಡಣಸು ಹಾಕಿದರೆ ಚಂದವೂ ಹೌದು, ಸೀಳುವ ಗಾಯವೂ ತಪ್ಪುತ್ತದೆ. ತಳಿಗೆ ಬೇಡವಾದ ಹೋರಿಯ ಬೀಜ ಒಡೆಸುವ ಕೆಲಸ ಪಶುವೈದ್ಯರಿಂದಲೇ ಆಗಬೇಕು. ಚಿಕ್ಕ ವಯಸ್ಸಿನಲ್ಲಿ ಮಾಡಿಸಿದಷ್ಟು ಒಳ್ಳೆಯದು. ಹಾಯುವ ಚಟ ಹತ್ತಿದ ಮೇಲೆ ಮಾಡಿಸಿದರೆ ಸಿಟ್ಟು ಇಳಿಯಬಹುದು, ಚಟ ಪೂರ್ತಿ ಹೋಗುತ್ತದೆ ಎನ್ನಲಾಗದು.

ಹೇಳಿಯೂ ಕಟ್ಟದಿದ್ದರೆ? ಆಗ ಕಾಗದ. ಮೊದಲು ಪೊಲೀಸ್ ಪಾಟೀಲರು, ಊರಿನಲ್ಲಿ ತಂಟಾಮುಕ್ತಿ ಸಮಿತಿ ಉಸಿರಾಡುತ್ತಿದ್ದರೆ ಅದು. 2007ರ ಆಗಸ್ಟ್ 15ರಂದು ಮಹಾರಾಷ್ಟ್ರದಲ್ಲಿ ಶುರುವಾದ ಆ ಅಭಿಯಾನದ ಉದ್ದೇಶವೇ ಇಂಥ ಜಗಳಗಳನ್ನು ಊರೊಳಗೆ ಬಗೆಹರಿಸುವುದು. ನಂತರ ಗ್ರಾಮ ಪಂಚಾಯತಿ. 1958ರ ಪಂಚಾಯತಿ ಕಾಯ್ದೆಯಲ್ಲಿ ಕೊಂಡವಾಡಾ, ಅಂದರೆ ದನದ ದೊಡ್ಡಿಯ ಕುರಿತು ಒಂದು ಅಧ್ಯಾಯವೇ ಇದೆ. ದೊಡ್ಡಿ ಕಟ್ಟುವುದು, ಕಾಯುವವರನ್ನು ನೇಮಿಸುವುದು, ಅಡ್ಡಾಡುವ ದನ ಹಿಡಿದು ಹಾಕುವುದು, ಫೀ ವಸೂಲಿ, ಯಾರೂ ಬಾರದಿದ್ದರೆ ಲಿಲಾವು, ಎಲ್ಲಕ್ಕೂ ಅವಕಾಶವಿದೆ. ಎಷ್ಟೋ ಊರಲ್ಲಿ ಕೊಂಡವಾಡೆಯ ಗೋಡೆ ಬಿದ್ದು ಜಾಲಿ ಬೆಳೆದಿದೆ, ಇಲ್ಲವೆ ಆ ಜಾಗದಲ್ಲಿ ಬೇರೆ ಏನೋ ಎದ್ದಿದೆ. ಕಾಯ್ದೆ ಬಿದ್ದಿಲ್ಲ, ಬಿದ್ದಿರುವುದು ಗೋಡೆ.

ಜೀವಕ್ಕೆ ಅಪಾಯವಿದ್ದಾಗ ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹೇಳುವುದು ಇಷ್ಟು: ತನ್ನ ವಶದಲ್ಲಿರುವ ಪ್ರಾಣಿಯಿಂದ ಜೀವಕ್ಕೆ ಅಥವಾ ಭಾರಿ ಗಾಯಕ್ಕೆ ಸಂಭವವಿದ್ದರೂ ಗೊತ್ತಿದ್ದು ಅಥವಾ ಅಲಕ್ಷ್ಯದಿಂದ ತಡೆಗಟ್ಟದವನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ 5 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹಳೆಯ ದಂಡ ಸಂಹಿತೆಯ 289ನೇ ಕಲಮಿನಲ್ಲಿ ದಂಡ 1 ಸಾವಿರ ಇತ್ತು. ಯಾರಿಗಾದರೂ ಗಾಯವಾಗಲೇಬೇಕೆಂದು ಈ ಕಲಮು ಕೇಳುವುದಿಲ್ಲ, ಸಂಭವ ಇದ್ದರೆ ಸಾಕು. ಆ ಸಂಜೆಯ ಮಾತು, ಜೊತೆಗೆ ಬಂದ ಹಿರಿಯರು, ಪಂಚಾಯತಿಗೆ ಕೊಟ್ಟ ಅರ್ಜಿಯ ಪೋಚು ಉಪಯೋಗಕ್ಕೆ ಬರುವುದು ಇಲ್ಲಿಯೇ. ಅಪಾಯಕಾರಿ ಪ್ರಾಣಿಯನ್ನು ಕಟ್ಟಿಹಾಕಲು ಆದೇಶ ಕೊಡುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಪ್ರಾಂತಾಧಿಕಾರಿಗೂ ಇದೆ. ಹೆದ್ದಾರಿಯ ಮಾತು ಬೇರೆ: 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಹೆದ್ದಾರಿಗಳಿಂದ ಬೀಡಾಡಿ ದನಗಳನ್ನು ತೆರವುಗೊಳಿಸಲು ಆದೇಶಿಸಿದೆ. ಜತ್ತದ ಮೂಲಕ ಹೋಗುವ ಗುಹಾಗರ-ವಿಜಯಪುರ ರಸ್ತೆಯ ಹಳ್ಳಿಗಳು ಅದನ್ನು ಮುಂದಿಟ್ಟು ಕೇಳಬಹುದು.

ಸಿಟ್ಟಿನಲ್ಲಿ ಹೋರಿಗೆ ವಿಷ ಇಡುವವರು, ಕೊಡಲಿ ಎಸೆಯುವವರು ಇದ್ದಾರೆ. ಪರರ ದನ ಕೊಲ್ಲುವುದು, ಊನ ಮಾಡುವುದು ಅದೇ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದವರೆಗಿನ ಜೈಲಿನ ಅಪರಾಧ. ಹಾಯುವ ಹೋರಿ ಬಿಟ್ಟವನಿಗೆ ಆರು ತಿಂಗಳು, ಅದನ್ನು ಕೊಂದವನಿಗೆ ಐದು ವರ್ಷ. ನ್ಯಾಯವೇ ಎಂದು ಕೇಳಬಹುದು, ಆದರೆ ಕೊಡಲಿ ಎತ್ತುವ ಮುಂಚೆ ಲೆಕ್ಕ ಗೊತ್ತಿರಲಿ.

ಗಡಿಯ ತೊಡಕು ಪ್ರತ್ಯೇಕ. ಉಮದಿ ಕಡೆಯವರಿಗೆ ಸಾಂಗ್ಲಿ ನೂರು ಕಿಲೋಮೀಟರಿಗೂ ಹೆಚ್ಚು, ವಿಜಯಪುರ ಹತ್ತಿರ; ಗಾಯಾಳು ಹೋಗುವುದು ಅಲ್ಲಿಗೇ. ಆಸ್ಪತ್ರೆಯಲ್ಲಿ "ಬಿದ್ದು ಗಾಯವಾಗಿದೆ" ಎಂದು ಬರೆಸುವವರೇ ಹೆಚ್ಚು, ಪಕ್ಕದ ಮನೆಯವರ ಹೆಸರು ಯಾಕೆ ಎಂದು. ಮುಂದೆ ಪರಿಹಾರ ಕೇಳುವಾಗ ಆ ಒಂದು ಸಾಲು ಅಡ್ಡ ಬರುತ್ತದೆ. ದನ ಹಾಯ್ದದ್ದಾದರೆ ಹಾಗೆಯೇ ಬರೆಸಬೇಕು. ಘಟನೆ ಜತ್ತದಲ್ಲಿ ನಡೆದಿದ್ದರೂ ವಿಜಯಪುರದ ಠಾಣೆ ಫಿರ್ಯಾದಿ ಬರೆದುಕೊಂಡು ಇತ್ತ ಕಳಿಸಬೇಕು. ಹೊಸ ಸಂಹಿತೆಯ 173ನೇ ಕಲಮು ಇದನ್ನೇ ಹೇಳುತ್ತದೆ. ಹೋರಿ ಕರ್ನಾಟಕದ್ದಾಗಿ ಗಾಯ ಮಹಾರಾಷ್ಟ್ರದಲ್ಲಾದರೆ ಪ್ರಕರಣ ಗಾಯವಾದ ನೆಲದ್ದು. ದೊಡ್ಡಿಯ ನಿಯಮ ಮಾತ್ರ ಎರಡು ಕಡೆ ಎರಡು: ಅಲ್ಲಿ 1966ರ ಕರ್ನಾಟಕದ ಕಾಯ್ದೆ, ಇಲ್ಲಿ ಪಂಚಾಯತಿ ಕಾಯ್ದೆ. ಮಹಾರಾಷ್ಟ್ರದ ರೈತ ಕುಟುಂಬದಲ್ಲಿ ಅಪಘಾತದಿಂದ ಸಾವಾದರೆ ಗೋಪಿನಾಥ ಮುಂಡೆ ಶೇತಕರಿ ಅಪಘಾತ ಯೋಜನೆಯಲ್ಲಿ 2 ಲಕ್ಷ ರೂಪಾಯಿ ನೆರವಿದೆ. ಅರ್ಜಿಯನ್ನು ತಡಮಾಡದೆ ಹಾಕಬೇಕು, ಕಾಗದ ಮರಾಠಿಯಲ್ಲಿ ಬೇಕಾಗುತ್ತದೆ.

ಜತ್ತದ ಹಳ್ಳಿಗಳಲ್ಲಿ ಹೋರಿ ಹಬ್ಬ ಎರಡು ಸಲ ಬರುತ್ತದೆ: ಕಾರಹುಣ್ಣಿಮೆಗೆ ಕರ್ನಾಟಕಿ ಬೇಂದೂರ, ಮುಂದೆ ಆಷಾಢದಲ್ಲಿ ಮಹಾರಾಷ್ಟ್ರದ ಬೇಂದೂರ. ಎರಡರಲ್ಲೂ ಬಣ್ಣ ಬಳಿದ ಹೋರಿಗಳು ಹಲಗಿಯ ಸದ್ದಿಗೆ ಬೆದರಿ ಜನರ ನಡುವೆ ಓಡುತ್ತವೆ. ಅದಕ್ಕೆ ಮುಂಚೆ ಮೇ 1ರ ಗ್ರಾಮಸಭೆ ಇದೆ. ಕೊಂಡವಾಡೆಯ ಗೋಡೆ ಎತ್ತುವ ಠರಾವು, ಯಾವ ಯಾವ ಹೋರಿ ಕೈಹಗ್ಗದಲ್ಲಷ್ಟೇ ಹೊರಬರಬೇಕು ಎಂಬ ಪಟ್ಟಿ, ಎರಡನ್ನೂ ಆ ದಿನ ವಿಷಯಪತ್ರಿಕೆಯಲ್ಲಿ ಹಾಕಿಸಲು ಏಪ್ರಿಲ್‌ನಲ್ಲೇ ಪಂಚಾಯತಿಗೆ ಅರ್ಜಿ ಕೊಡಬೇಕಾಗುತ್ತದೆ.